ಒಕ್ಕಲಾಗದ ಎತ್ತರ

ನಮ್ಮ ಉಡುಪಿ ಸೀಮೆಯಲ್ಲಿ ಗೃಹಪ್ರವೇಶವನ್ನು ‘ಮನೆ ಒಕ್ಕಲು’ ಎಂದು ಕರೆಯುವ ವಾಡಿಕೆಯುಂಟು. ತುಳುವಿನಲ್ಲಿಯೂ ಅದು ‘ಇಲ್ಲ್ ಒಕ್ಕೆಲ್’. ಒಕ್ಕಲೆಂಬ ಶಬ್ದಕ್ಕೆ ವಾಸವೆಂದೂ ಸಂಸಾರವೆಂದೂ ಸಾಗುವಳಿಯೆಂದೂ ಗೇಣಿದಾರನೆಂದೂ ಅರ್ಥಗಳು ಹಲವಾದರೂ, ಮನುಷ್ಯನು ಒಂದು ನೆಲಕ್ಕೆ ಅಂಟಿಕೊಂಡು ಅಲ್ಲಿ ಬಾಳತೊಡಗುವನೆಂಬ ಭಾವವು ಅವೆಲ್ಲಕ್ಕೂ ತಳಹದಿಯಾಗಿದೆ. ಮನೆಯನ್ನು ಕಟ್ಟುವವನು ಮೇಸ್ತ್ರಿಯೇ ಆದರೂ, ಅದು ಮುಗಿಯಿತೆಂದು ಸಾರುವ ಅಧಿಕಾರವು ಹೊಸ ಒಲೆಯ ಮೇಲೆ ಹಾಲುಕ್ಕಿಸುವ ಗೃಹಿಣಿಯದೆಂದು ನಮ್ಮ ಹಿರಿಯರು ತಿಳಿದಿದ್ದರೆಂದು ತೋರುತ್ತದೆ.

ಮೂರು ವರ್ಷಗಳ ಹಿಂದೆ ಮಣಿಪಾಲದಲ್ಲಿ ಅಂತಹುದೊಂದು ಒಕ್ಕಲಿಗೆ ಹೋಗಿದ್ದೆನು. ಬ್ಯಾಂಕಿನಲ್ಲಿ ಆಯುಷ್ಯದ ಬಹುಭಾಗವನ್ನು ಸವೆಸಿ ನಿವೃತ್ತನಾದ ನನ್ನ ಮಿತ್ರನು, ಊರಿನ ಹಂಚಿನ ಮನೆಯ ಪಾಲು ಮಾರಿದ ಹಣಕ್ಕೆ ಮಗನು ದುಬಾಯಿಯಿಂದ ಕಳುಹಿಸಿದ್ದನ್ನೂ ಸೇರಿಸಿ, ಹದಿನೇಳನೆಯ ಮಾಳಿಗೆಯಲ್ಲಿ ಮನೆಯೊಂದನ್ನು ಕೊಂಡಿದ್ದನು. ಗೋವನ್ನು ಲಿಫ್ಟಿನಲ್ಲಿ ಏರಿಸಲು ಕಾವಲುಗಾರನು ಒಪ್ಪದೆ ಹೋದುದರಿಂದ, ನೆಲಮಾಳಿಗೆಯಲ್ಲಿ ಕಾರುಗಳ ನಡುವೆಯೇ ಅದಕ್ಕೆ ಅರಿಸಿನ ಕುಂಕುಮವಿಟ್ಟು ಹುಲ್ಲು ತಿನ್ನಿಸಿ ಕಳುಹಿಸಲಾಯಿತು. ಲಿಫ್ಟಿನ ಒಳಗೋಡೆಗೆ ಪ್ಲೈವುಡ್ಡಿನ ಹೊದಿಕೆಯಿನ್ನೂ ಕಳಚಿರಲಿಲ್ಲ. ಮೇಲೇರಿ ಹೋಗುವಾಗ ಪ್ರತಿ ಮಾಳಿಗೆಯಲ್ಲಿಯೂ ಬಣ್ಣದ ವಾಸನೆ, ಪ್ಲಾಸ್ಟಿಕ್ಕು ಸುತ್ತಿದ ಬಾಗಿಲುಗಳು. ತೊಂಬತ್ತು ಸಮೀಪಿಸಿದ ಮಿತ್ರನ ತಾಯಿಯವರು ಕೋಣೆ ಕೋಣೆಯನ್ನೂ ಕೈಯಿಂದ ತಡವಿ ನೋಡಿ, ಕೊನೆಗೆ ಅಡುಗೆಮನೆಯ ಕಿಟಕಿಯಿಂದ ಕೆಳಗೆ ಬಗ್ಗಿ, “ಬಾವಿ ಎಲ್ಲುಂಟು ಮಗಾ?” ಎಂದು ಕೇಳಿದರು. ಮಿತ್ರನು ನಕ್ಕು, ಅವರನ್ನು ಪಡುವಣ ಬಾಲ್ಕನಿಗೆ ಕರೆದೊಯ್ದು, ಮಲ್ಪೆಯ ಕಡೆಗೆ ಬೆಳ್ಳಿಯ ಪಟ್ಟಿಯಂತೆ ಹೊಳೆಯುತ್ತಿದ್ದ ಕಡಲನ್ನು ತೋರಿಸಿದನು. “ಇದಕ್ಕೇ ಅಮ್ಮ, ಹೆಚ್ಚು ಕೊಟ್ಟದ್ದು.” ಬಾಲ್ಕನಿಯ ಕೆಳಗೆ, ಪಕ್ಕದ ನಿವೇಶನದಲ್ಲಿ, ಕೆಂಪು ಮುರಕಲ್ಲಿನ ನೆಲವನ್ನು ಒಂದು ಯಂತ್ರವು ಅಗೆಯುತ್ತಿದ್ದಿತು.

ಈ ಲೇಖನವು ಆ ಹೊಂಡದ ಕುರಿತಾದುದು. ಐಷಾರಾಮದ ಗಗನಚುಂಬಿಯೊಂದನ್ನು ಕಟ್ಟುವವನು ಕೊಳ್ಳುವವನಿಗೆ ವಸ್ತುತಃ ಮಾರುವುದೇನು, ಮತ್ತು ಅದು ಮುಗಿಯಿತೆಂದು ಹೇಳಲು ಯಾರಿಗಾದರೂ ಅಧಿಕಾರವುಂಟೇ ಎಂಬುದನ್ನು ಸ್ವಲ್ಪ ನಿಧಾನವಾಗಿ ಪರಿಶೀಲಿಸಬೇಕೆಂದಿದ್ದೇನೆ. (ಗಗನಚುಂಬಿಯೆಂಬ ಪದವನ್ನು ಕೇಳಿ ನ್ಯೂಯಾರ್ಕಿನವನು ನಕ್ಕರೆ ನಗಲಿ. ಆಷಾಢದಲ್ಲಿ ಮಣಿಪಾಲದ ಪದವಿನ ಮೇಲೆ ಮೋಡಗಳು ತೆಂಗಿನ ಮರದ ತಲೆಗೇ ತಾಗುವುವು. ನಮ್ಮ ಗಗನವೇ ಸ್ವಲ್ಪ ಕೆಳಗುಂಟು.) ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಎತ್ತರವನ್ನೇ ಸರಕಾಗಿ ಮಾರುವ ಕಟ್ಟಡವು ತನ್ನ ಸ್ವಭಾವದಿಂದಲೇ ಎಂದಿಗೂ ಮುಗಿಯಲಾರದು; ಏಕೆಂದರೆ ಅಲ್ಲಿ ವಿಕ್ರಯವಾಗುವುದು ನೆರೆಯವನಿಗಿಂತ ಮೇಲಿರುವ ಸ್ಥಾನ, ಮತ್ತು ಆ ಸ್ಥಾನವನ್ನು ಉಳಿಸುವುದೂ ಅಳಿಸುವುದೂ ನೆರೆಯವನ ಕೈಯಲ್ಲಿದೆ.

ಅತ್ಯುನ್ನತವಾದುದನ್ನು ಕಟ್ಟಿ ಮುಗಿಸಿದವನಿಗೆ ಪ್ರತಿಸ್ಪರ್ಧಿಯ ಭಯವು ಹೇಗೆ ಕಾಡುವುದೆಂಬುದನ್ನು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. ಕಾರ್ಕಳದವರೆಗೆ ಹೋದರೆ ಸಾಕು. ಅಲ್ಲಿಯ ಬೆಟ್ಟದ ಮೇಲೆ 42 ಅಡಿಯ ಏಕಶಿಲೆಯ ಬಾಹುಬಲಿಯನ್ನು ವೀರಪಾಂಡ್ಯ ಭೈರರಸನು 1432ರಲ್ಲಿ ಪ್ರತಿಷ್ಠಾಪಿಸಿದನು. ಆ ಮೂರ್ತಿಯನ್ನು ಕಡೆದವನೆಂದು ತುಳುನಾಡಿನ ಪಾಡ್ದನಗಳು ಹೆಸರಿಸುವುದು ಬೀರ ಕಲ್ಕುಡನನ್ನು. ಕೆಲಸ ಮುಗಿದ ದಿನ ಶಿಲ್ಪಿಯು ಉಡುಗೊರೆಯನ್ನು ನಿರೀಕ್ಷಿಸಿ ನಿಂತಿದ್ದಾಗ, ಇಂತಹ ವಿಗ್ರಹವು ಇನ್ನೊಂದು ರಾಜ್ಯದಲ್ಲಿ ಆಗಕೂಡದೆಂದು ಬಗೆದ ಕಾರ್ಕಳದ ಅರಸನು ಅವನ ಎಡಗೈಯನ್ನೂ ಬಲಗಾಲನ್ನೂ ಕಡಿಸಿಬಿಟ್ಟನಂತೆ. ಕಲ್ಕುಡನು ಉಳಿದ ಒಂದು ಕೈ ಒಂದು ಕಾಲಿನೊಡನೆ ವೇಣೂರಿಗೆ ಹೋಗಿ, ಅಜಿಲ ಅರಸನಿಗಾಗಿ ಅಲ್ಲಿಯೂ ಒಬ್ಬ ಬಾಹುಬಲಿಯನ್ನು ಕಡೆದನು. ಅಣ್ಣನನ್ನು ಹುಡುಕುತ್ತ ಬಂದ ತಂಗಿ ಕಲ್ಲುರ್ಟಿಯು ಅವನ ಅಂಗವೈಕಲ್ಯವನ್ನು ಕಂಡು ಕೆರಳಿದಳು; ಒಡಹುಟ್ಟಿದ ಇಬ್ಬರೂ ದೈವಗಳಾಗಿ ಕಾರ್ಕಳದ ಅರಸನನ್ನು ಕಾಡಿದರು; ಇಂದಿಗೂ ಕೋಲಗಳಲ್ಲಿ ಅವರ ಕಥೆಯನ್ನು ಹಾಡುವರು.

ಇತಿಹಾಸದ ಲೆಕ್ಕಕ್ಕೆ ಈ ಕಥೆಯು ಹೊಂದುವುದಿಲ್ಲ. ವೇಣೂರಿನ 35 ಅಡಿಯ ಮೂರ್ತಿಯನ್ನು ತಿಮ್ಮಣ್ಣ ಅಜಿಲನು ನಿಲ್ಲಿಸಿದುದು 1604ರಲ್ಲಿ; ಎರಡಕ್ಕೂ ನಡುವೆ 172 ವರ್ಷಗಳ ಅಂತರವಿದೆ, ಮತ್ತು ಒಂದೇ ಕೈ ಎರಡನ್ನೂ ಕಡೆದಿರುವುದು ಅಸಂಭವ. ಆದರೆ ಪಾಡ್ದನವು ಕಾಲವನ್ನು ಮಡಚಿದುದು ಅಜ್ಞಾನದಿಂದಲ್ಲವೆಂದು ನನಗೆ ತೋರುತ್ತದೆ. ವೇಣೂರಿನ ಮೂರ್ತಿಯು ಎದ್ದಾಗ ಕಾರ್ಕಳದ ದೊರೆಯು ಮುನಿದು, ಅದನ್ನು ತನ್ನ ರಾಜಧಾನಿಗೆ ತಂದೊಪ್ಪಿಸಬೇಕೆಂದು ಹಟ ಹಿಡಿದನೆಂದೂ, ಅಜಿಲನು ವಿಗ್ರಹವನ್ನು ಫಲ್ಗುಣಿಯ ಮರಳಿನಲ್ಲಿ ಹೂತಿಟ್ಟು ಕಾಪಾಡಿದನೆಂದೂ ಬೇರೊಂದು ಐತಿಹ್ಯವು ಹೇಳುತ್ತದೆ. ಈ ಎರಡು ಕಥೆಗಳನ್ನು ಹಾಡಿ ಹೇಳಿ ಉಳಿಸಿದ ಜನರು ಒಂದು ವಿಷಯವನ್ನು ಚೆನ್ನಾಗಿ ಬಲ್ಲವರಾಗಿದ್ದರು: ಅದ್ವಿತೀಯವಾಗಬೇಕೆಂದು ಕಟ್ಟಿದ ವಸ್ತುವು ಮುಗಿದ ಕ್ಷಣದಿಂದಲೇ ಎರಡನೆಯದರ ನೆರಳಿನಲ್ಲಿ ನಿಲ್ಲುತ್ತದೆ. ಈ ಜಗಳದಲ್ಲಿ ವಿನೋದವಾದ ಸಂಗತಿಯೆಂದರೆ, ಆ ವಿಗ್ರಹವು ಯಾರದು? ಅಣ್ಣ ಭರತನನ್ನು ಮೂರು ಯುದ್ಧಗಳಲ್ಲಿ ಗೆದ್ದು, ಗೆದ್ದ ನೆಲವನ್ನೇ ಬಿಟ್ಟು ನಡೆದವನದು. ಸ್ಪರ್ಧೆಯನ್ನು ತೊರೆದವನ ಮೂರ್ತಿಗಾಗಿ ಎರಡು ಅರಸುಮನೆಗಳು ಸ್ಪರ್ಧಿಸಿದುವು.

ಇಂದಿನ ಮಾರುಕಟ್ಟೆಯಲ್ಲಿ ಕಟ್ಟುವವನ ಕೈಯನ್ನು ಯಾರೂ ಕಡಿಯುವುದಿಲ್ಲ. ಕಡಿಯುವುದರಿಂದ ಯಾರಿಗೂ ಲಾಭವಿಲ್ಲ. ಮೊದಲ ಗೋಪುರವನ್ನು ಊರಿಗೇ ಎತ್ತರವಾದುದೆಂದು ಜಾಹೀರಾತು ಮಾಡಿ ಮಾರಿದ ಬಿಲ್ಡರನೇ, ಅದರ ಕೊನೆಯ ಮನೆ ಮಾರಾಟವಾದ ಮರುದಿನ, ಅದಕ್ಕಿಂತ ನಾಲ್ಕು ಸ್ಲ್ಯಾಬ್ ಹೆಚ್ಚಿನದಾದ ಎರಡನೆಯದರ ಮಾದರಿಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಕುಳಿತಿರುವನು. ಅರಸನಿಗೆ ತನ್ನ ಬಾಹುಬಲಿಯು ಒಂದೇ ಆಗಿ ಉಳಿಯಬೇಕೆಂಬ ಹಂಬಲವಾದರೂ ಇದ್ದಿತು. ವರ್ತಕನಿಗೆ ಅಷ್ಟೂ ಇಲ್ಲ. ಅವನು ಏಕತ್ವವನ್ನು ಸಗಟಾಗಿ ತಯಾರಿಸುವವನು. ಈ ಬಗೆಯ ಸರಕನ್ನು ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಫ್ರೆಡ್ ಹಿರ್ಷ್ 1976ರ ತನ್ನ ಗ್ರಂಥದಲ್ಲಿ ವಿವೇಚಿಸಿದ್ದಾನೆ. ನಾವು ಅದನ್ನು ಸ್ಥಾನಸರಕು ಎನ್ನಬಹುದು. ಅನ್ನವು ಇಬ್ಬರಿಗೆ ದೊರೆತರೆ ಇಬ್ಬರ ಹಸಿವೂ ತಣಿಯುವುದು; ಆದರೆ ಪರ್ಯಾಯದ ಮೆರವಣಿಗೆಯನ್ನು ನೋಡಲು ಮುಂದಿನವನು ಬೆಂಚು ಹತ್ತಿದರೆ ಹಿಂದಿನವನು ಮೇಜನ್ನೂ ಅವನ ಹಿಂದಿನವನು ಮಾಡನ್ನೂ ಹತ್ತಬೇಕಾಗುವುದು, ಮತ್ತು ಎಲ್ಲರೂ ಹತ್ತಿ ಮುಗಿದಾಗ ಕಾಣುವುದು ನೆಲದ ಮೇಲೆ ನಿಂತಾಗ ಕಂಡಷ್ಟೇ.

ಇದನ್ನು ಅತ್ಯಂತ ನಾಟಕೀಯವಾಗಿ ಆಡಿ ತೋರಿಸಿದ ಊರು ನ್ಯೂಯಾರ್ಕು. 1929ರಲ್ಲಿ ವಾಲ್ ಸ್ಟ್ರೀಟಿನ 40ನೆಯ ನಂಬರಿನ ಕಟ್ಟಡವೂ ಕ್ರೈಸ್ಲರ್ ಕಟ್ಟಡವೂ ಜಗತ್ತಿನ ಅತ್ಯುನ್ನತ ಸೌಧವೆಂಬ ಬಿರುದಿಗಾಗಿ ಪೈಪೋಟಿಗಿಳಿದಿದ್ದುವು. ಅವುಗಳ ಶಿಲ್ಪಿಗಳಿಬ್ಬರೂ ಹಿಂದೆ ಪಾಲುದಾರರಾಗಿದ್ದು ಅನಂತರ ಬೇರೆಯಾದವರು. ಒಬ್ಬನು 927 ಅಡಿಗೆ ತನ್ನ ಕಟ್ಟಡವನ್ನು ನಿಲ್ಲಿಸಿ ಗೆದ್ದೆನೆಂದು ಭಾವಿಸಿರುವಾಗ, ಇನ್ನೊಬ್ಬನು ಕಟ್ಟಡದ ಗರ್ಭದಲ್ಲಿಯೇ ಗುಟ್ಟಾಗಿ ಜೋಡಿಸಿಟ್ಟಿದ್ದ ಉಕ್ಕಿನ ಶೂಲವೊಂದನ್ನು ಅಕ್ಟೋಬರಿನ ಒಂದು ದಿನ ಮೇಲಕ್ಕೆ ನೂಕಿ 1046 ಅಡಿಗಳನ್ನು ಮುಟ್ಟಿದನು. ಆ ಶೂಲದ ಒಳಗೆ ಯಾರೂ ವಾಸಿಸುವಂತಿರಲಿಲ್ಲ. ಸೋಲಿಸುವುದೊಂದೇ ಅದರ ಪ್ರಯೋಜನ. ಆದರೆ ಆ ಗೆಲುವು ಎರಡು ವರ್ಷವೂ ಪೂರ್ತಿಯಾಗಿ ಬಾಳಲಿಲ್ಲ. 1931ರ ಮೇ ತಿಂಗಳಲ್ಲಿ 1250 ಅಡಿಯ ಎಂಪೈರ್ ಸ್ಟೇಟ್ ತೆರೆಯಿತು. ಅಷ್ಟರಲ್ಲಿ ಅಮೆರಿಕವು ಮಹಾ ಆರ್ಥಿಕ ಕುಸಿತದಲ್ಲಿ ಬಿದ್ದಿದ್ದುದರಿಂದ ಬಾಡಿಗೆಗೆ ಬರುವವರಿಲ್ಲದೆ, ಊರ ಜನರು ಅದನ್ನು ಖಾಲಿ ಕಟ್ಟಡವೆಂದು ಹೆಸರು ತಿರುಚಿ ಪರಿಹಾಸ್ಯ ಮಾಡಿದರು. ಅದೇ ಊರಿನ ಶ್ರೀಮಂತರ ವಸತಿಗೋಪುರಗಳ ಹೊಸ ಪೀಳಿಗೆಯಲ್ಲಿ, 2015ರಲ್ಲಿ ಮುಗಿದ 1396 ಅಡಿಯ 432 ಪಾರ್ಕ್ ಅವೆನ್ಯೂ ಕಟ್ಟಿಸಿದವರ ಮೇಲೆ ಅದರ ನಿವಾಸಿಗಳೇ 2021ರಲ್ಲಿ ದಾವೆ ಹೂಡಿದರು: ನೀರಿನ ಸೋರಿಕೆ, ಕೆಟ್ಟು ನಿಲ್ಲುವ ಲಿಫ್ಟುಗಳು, ಗಾಳಿ ಬೀಸಿದಾಗ ಗೋಡೆಗಳ ನರಳಾಟ. ಅಷ್ಟರಲ್ಲಿ ಅದರ ನೆರೆಯಲ್ಲಿಯೇ ಅದಕ್ಕಿಂತ ಎತ್ತರವಾದುದು ಎದ್ದು ನಿಂತಿದ್ದಿತು.

ನಮ್ಮ ನಾಡಿನ ಉದಾಹರಣೆ ಬೇಕಾದರೆ ಬೆಂಗಳೂರಿನ ಕಿಂಗ್‌ಫಿಷರ್ ಟವರ್ಸ್ ಇದೆ. ಬಂಟ್ವಾಳದ ಮೂಲದ ಮಲ್ಯ ಮನೆತನದ ಹಳೆಯ ಬಂಗಲೆಯಿದ್ದ ಜಾಗದಲ್ಲಿ 34 ಅಂತಸ್ತಿನ ಗೋಪುರಗಳನ್ನು ಎಬ್ಬಿಸಿ, ಅವುಗಳ ನೆತ್ತಿಯ ಮೇಲೆ ಒಂದು ಮಹಲನ್ನೇ ಇರಿಸುವ ಯೋಜನೆ ಅದು. 2016ರ ಮಾರ್ಚಿನಲ್ಲಿ ವಿಜಯ ಮಲ್ಯರು ದೇಶವನ್ನು ಬಿಟ್ಟು ಹೊರಟಾಗ, ಆ ಮಹಲಿನಲ್ಲಿ ಒಕ್ಕಲು ಆಗಿರಲಿಲ್ಲ. ಹಣವೂ ನಿವೇಶನವೂ ನಕ್ಷೆಯೂ ಇದ್ದರೂ ಮನೆಯು ಮನೆಯಾಗದೆ ಉಳಿಯಬಹುದೆಂಬುದಕ್ಕೆ ಇದಕ್ಕಿಂತ ಎತ್ತರದ ನಿದರ್ಶನವು ಕರ್ನಾಟಕದಲ್ಲಿ ಸಿಕ್ಕಲಾರದು.

ಎತ್ತರದಲ್ಲಿಯೂ ಜಾತಿಗಳುಂಟು ಎಂಬುದನ್ನು ಇಲ್ಲಿ ಹೇಳಬೇಕು. ಕಾಪುವಿನ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭವು ಉನ್ನತವಾಗಿರುವುದು ಕಡಲಿನಲ್ಲಿರುವವನಿಗಾಗಿ. ಅದರ ಮೇಲಿನಿಂದ ಕಾಣುವ ನೋಟವು ಎಷ್ಟೇ ರಮ್ಯವಾಗಿದ್ದರೂ ಅದು ಪ್ರಾಸಂಗಿಕ. ಪಡುಬಿದ್ರಿಯ ಸಮೀಪ ಎಲ್ಲೂರಿನಲ್ಲಿ 1200 ಮೆಗಾವಾಟಿನ ಕಲ್ಲಿದ್ದಲಿನ ವಿದ್ಯುತ್ ಸ್ಥಾವರವಿದೆ. ನಮ್ಮ ಯಾವ ವಸತಿಗೋಪುರವೂ ಅದರ ಚಿಮಣಿಯ ಹೆಗಲಿಗೆ ಬರಲಾರದು, ಆದರೂ ಅದರ ಎತ್ತರವನ್ನು ಹೊಗಳಿದವರನ್ನು ನಾನು ಕಂಡಿಲ್ಲ. ಸುತ್ತಣ ಹಳ್ಳಿಗಳ ಜನರು ಅದರ ಬೂದಿಯ ಕುರಿತು ವರ್ಷಗಟ್ಟಲೆ ದೂರುತ್ತಲೇ ಬಂದಿದ್ದಾರೆ. ಕಾರ್ಕಳದ ಬಾಹುಬಲಿಯು ಎತ್ತರವಾಗಿರುವುದು ನೋಡಲ್ಪಡುವುದಕ್ಕಾಗಿ. ಗದ್ದೆಯಲ್ಲಿ ನೇಜಿ ನೆಡುವವಳಿಗೂ ಬಸ್ಸಿನ ಕಿಟಕಿಯ ಪ್ರಯಾಣಿಕನಿಗೂ ಅವನು ಸಮಾನವಾಗಿ ಕಾಣುವನು, ಮತ್ತು ವೇಣೂರಿನಲ್ಲಿ ಮತ್ತೊಬ್ಬನು ಎದ್ದುದರಿಂದ ಅವನ ಒಂದು ಅಂಗುಲವೂ ಕುಗ್ಗಲಿಲ್ಲ. ಧರ್ಮಸ್ಥಳಕ್ಕಾಗಿ ಅದೇ ಕಾರ್ಕಳದಲ್ಲಿ ರೆಂಜಾಳ ಗೋಪಾಲಕೃಷ್ಣ ಶೆಣೈಯವರು 39 ಅಡಿಯ ಇನ್ನೊಂದು ಬಾಹುಬಲಿಯನ್ನು ಕಡೆದರು. 1982ರಲ್ಲಿ ಅದರ ಪ್ರತಿಷ್ಠೆಯಾಯಿತು. ಈ ಸಾರಿ ಶಿಲ್ಪಿಯ ಕೈಗೆ ಸನ್ಮಾನವೇ ದೊರೆಯಿತು. ವಸತಿಗೋಪುರದ ಎತ್ತರವು ಇವುಗಳಿಗೆ ವಿಪರೀತವಾದುದು. ಅದು ಒಳಗಿನಿಂದ ಹೊರಗೆ ನೋಡುವವನಿಗಾಗಿ ಮಾತ್ರ ಇರುವ ಎತ್ತರ. ಹೊರಗಿನವನಿಗೆ ಅದರಿಂದ ಸಿಕ್ಕುವುದು ನೆರಳು. ಆದಕಾರಣವೇ ನೆರೆಯಲ್ಲಿ ಇನ್ನೊಂದು ಎದ್ದೊಡನೆ ಅದು ತನ್ನ ಸರ್ವಸ್ವವನ್ನೂ ಕಳೆದುಕೊಳ್ಳುವುದು.

ಹಾಗೆ ಕಳೆದುಕೊಂಡವನಿಗೆ ನ್ಯಾಯಾಲಯದಲ್ಲಿಯೂ ಆಸರೆಯಿಲ್ಲ. ಇಂಗ್ಲೆಂಡಿನ ನ್ಯಾಯಾಧೀಶರು 1610ರಲ್ಲಿ ಆಲ್ಡ್ರೆಡ್ ಎಂಬವನ ಪ್ರಕರಣವನ್ನು ತೀರ್ಮಾನಿಸುವಾಗ, ಗಾಳಿ ಬೆಳಕುಗಳು ಮನುಷ್ಯನಿಗೆ ಆವಶ್ಯಕವಾದುದರಿಂದ ಅವುಗಳಿಗೆ ರಕ್ಷಣೆಯುಂಟೆಂದೂ, ನೋಟವು ಕೇವಲ ಸಂತೋಷದ ವಿಷಯವಾದುದರಿಂದ ಅದಕ್ಕಾಗಿ ದಾವೆ ಸಲ್ಲದೆಂದೂ ವಿಂಗಡಿಸಿದರು. ನಮ್ಮ 1882ರ ಅನುಭೋಗದ ಹಕ್ಕುಗಳ ಕಾಯಿದೆಯೂ ಇಪ್ಪತ್ತು ವರ್ಷ ನಿರಾತಂಕವಾಗಿ ಅನುಭವಿಸಿದ ಬೆಳಕಿಗೂ ಗಾಳಿಗೂ ಹಕ್ಕನ್ನು ಕೊಡುತ್ತದೆ. ಕಡಲು ಕಾಣುವುದಕ್ಕೆ ಕೊಡುವುದಿಲ್ಲ. ಮಿತ್ರನು ಹೆಚ್ಚುವರಿಯಾಗಿ ತೆತ್ತ ಲಕ್ಷಗಳು ನಾಲ್ಕು ಶತಮಾನಗಳಿಂದ ಕಾನೂನು ಒಪ್ಪದ ಒಂದು ಆಸ್ತಿಗೆ ಸಂದುವು. ಬಿಲ್ಡರನ ಕರಾರುಪತ್ರದಲ್ಲಿ ನಲ್ಲಿಗಳ ಕಂಪೆನಿಯ ಹೆಸರಿದ್ದಿತು, ಟೈಲುಗಳ ಅಳತೆಯಿದ್ದಿತು; ಕಡಲಿನ ಪ್ರಸ್ತಾಪವಿದ್ದುದು ಬಣ್ಣದ ಹೊತ್ತಗೆಯಲ್ಲಿ ಮಾತ್ರ.

ಕಾನೂನನ್ನು ಹಳಿಯುವುದಕ್ಕೆ ಇದನ್ನು ಹೇಳುತ್ತಿಲ್ಲ. ಕಾನೂನು ಇಲ್ಲಿ ಎಲ್ಲರಿಗಿಂತ ವಿವೇಕಿ. 2016ರ ರೇರಾ ಕಾಯಿದೆಯು ಬಂದ ಮೇಲೆ, ಕೊಳ್ಳುವವರಿಂದ ಪಡೆದ ಹಣದಲ್ಲಿ ನೂರಕ್ಕೆ 70ರಷ್ಟನ್ನು ಆ ಕಟ್ಟಡಕ್ಕೇ ಮೀಸಲಾದ ಪ್ರತ್ಯೇಕ ಖಾತೆಯಲ್ಲಿಡಬೇಕೆಂಬ ವಿಧಿಯಿದೆ. ‘ಸೂಪರ್ ಬಿಲ್ಟ್‌ಅಪ್’ ಎಂಬ ಮಾಯಾಂಕೆಯ ಬದಲು ಕಾಲೂರಿ ನಡೆಯಬಹುದಾದ ಕಾರ್ಪೆಟ್ ವಿಸ್ತೀರ್ಣವನ್ನು ತಿಳಿಸಬೇಕು. ಒಪ್ಪಿಸಿದ ಮೇಲೆ 5 ವರ್ಷಗಳೊಳಗೆ ಕಟ್ಟಡದ ರಚನೆಯಲ್ಲಿ ದೋಷ ಕಂಡರೆ ಬಿಲ್ಡರನೇ ಸರಿಪಡಿಸಬೇಕು. ಪೂರ್ಣತೆಯೆಂಬುದನ್ನು ಜಾಹೀರಾತಿನ ಬಾಯಿಯಿಂದ ಕಿತ್ತು, ಅದಕ್ಕೊಂದು ತಾರೀಖನ್ನೂ ಸಹಿಯನ್ನೂ ಹೊಣೆಯನ್ನೂ ಗಂಟುಹಾಕಿದ ಉಪಕಾರವು ಈ ಕಾಯಿದೆಯದು. ಜನರ ಬಾಯಲ್ಲಿ ‘ಓಸಿ’ ಎನಿಸಿಕೊಳ್ಳುವ ವಾಸಯೋಗ್ಯತೆಯ ಪ್ರಮಾಣಪತ್ರವು ಕೇಳುವುದೂ ಇಂತಹ ಬಡ ಪ್ರಶ್ನೆಗಳನ್ನೇ: ನೀರು ಎಲ್ಲಿಂದ, ಕೊಳಚೆ ಎಲ್ಲಿಗೆ, ಬೆಂಕಿ ಬಿದ್ದರೆ ಇಳಿಯುವ ದಾರಿ ಯಾವುದು. ಆ ವೃದ್ಧೆಯು ಕೇಳಿದ ಪ್ರಶ್ನೆಯು ಇವುಗಳಲ್ಲಿ ಮೊದಲನೆಯದು. ಮುಗಿಯುವುದಕ್ಕಿಂತ ಮೊದಲೇ ಮುಗಿಯಿತೆಂದು ಸಾರುವ ಆತುರವು ವರ್ತಕರ ಸೊತ್ತೇನೂ ಅಲ್ಲವೆಂಬುದನ್ನು ಕಾರ್ಕಳದ ಜನರು ಬೈಲೂರಿನ ಉಮಿಕಲ್ಲು ಬೆಟ್ಟದಲ್ಲಿ ಕಂಡಿದ್ದಾರೆ. 2023ರ ಜನವರಿಯಲ್ಲಿ ಅಲ್ಲಿ ಉದ್ಘಾಟನೆಗೊಂಡ ಪರಶುರಾಮನ ಪ್ರತಿಮೆಯ ಮೇಲರ್ಧವನ್ನು ಅದೇ ವರ್ಷದೊಳಗೆ ತೆಗೆಯಲಾಯಿತು, ಮತ್ತು ಅದು ಕಂಚಿನದೋ ಅಲ್ಲವೋ ಎಂಬುದು ವಿವಾದಕ್ಕೂ ವಿಚಾರಣೆಗೂ ವಸ್ತುವಾಯಿತು.

ಇನ್ನು ನೆಲದ ಮಾತಿಗೆ ಬರೋಣ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಈ ಸೀಮೆಯಲ್ಲಿ, ನೈಋತ್ಯದ ಗಾಳಿಯು ಜೂನಿನಿಂದ ಸೆಪ್ಟೆಂಬರದವರೆಗೆ ನೀರನ್ನು ಅಡ್ಡಡ್ಡವಾಗಿ ಎರಚುವುದು. ನಮ್ಮ ಹಳೆಯ ಮನೆಗಳು ತಗ್ಗಾಗಿ ಕುಳಿತು ಮಾಡನ್ನು ಮೊಣಕಾಲಿನವರೆಗೆ ಇಳಿಬಿಟ್ಟುದು ಬಡತನದಿಂದಲ್ಲ. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ನಿನವರು 1865ರಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಮುಳಿಹುಲ್ಲು ಹೋಗಿ ಹಂಚು ಬಂದರೂ, ಮಾಡಿನ ಇಳಿಜಾರು ಬದಲಾಗಲಿಲ್ಲ. ಗೋಪುರಕ್ಕೆ ಮಾಡೂ ಇಲ್ಲ, ಚಾಚೂ ಇಲ್ಲ. ಅದರ ಪಡುವಣ ಗೋಡೆಯು ನಾಲ್ಕು ತಿಂಗಳು ಮಳೆಯನ್ನೂ ಎಂಟು ತಿಂಗಳು ಕಡಲಿನ ಉಪ್ಪುಗಾಳಿಯನ್ನೂ ಎದೆಗೊಡ್ಡಿ ನಿಲ್ಲಬೇಕು. ಗಾರೆಯ ಕೂದಲೆಳೆಯ ಬಿರುಕಿನಲ್ಲಿ ಉಪ್ಪಿನ ನೀರು ಒಳಗಿಳಿದರೆ ಕಬ್ಬಿಣದ ಸರಳು ತುಕ್ಕು ಹಿಡಿಯುವುದು. ತುಕ್ಕು ಹಿಡಿದ ಸರಳು ಊದಿಕೊಂಡು ತನ್ನನ್ನು ಪೊರೆದ ಕಾಂಕ್ರೀಟನ್ನೇ ಸೀಳುವುದು. ಹಂಚಿನ ಮನೆಗೆ ವರ್ಷಕ್ಕೊಮ್ಮೆ ಏಣಿಯಿಟ್ಟು ಒಡೆದ ಹಂಚನ್ನು ಬದಲಿಸುವ ಆಳು ಸಾಕಾಗಿದ್ದನು. ಹದಿನೇಳನೆಯ ಮಾಳಿಗೆಯ ಹೊರಗೋಡೆಗೆ ಹಗ್ಗ ಕಟ್ಟಿಕೊಂಡು ನೇತಾಡುವವನನ್ನು ಎಲ್ಲಿಂದಲೋ ಕರೆಯಿಸಬೇಕು, ಮತ್ತು ಅವನ ಕೂಲಿಗೆ ಮನೆಯವರೆಲ್ಲರೂ ಒಪ್ಪಿ ಹಣ ಕೂಡಿಸಬೇಕು. ಒಪ್ಪುವವರು ಎಲ್ಲಿದ್ದಾರೆ? ಅರ್ಧಕ್ಕರ್ಧ ಬಾಗಿಲುಗಳ ಯಜಮಾನರು ಗಲ್ಫಿನಲ್ಲೋ ಮುಂಬಯಿಯಲ್ಲೋ ಇರುವರು. ಕೆಲವರು ಮಕ್ಕಳು ಓದಿ ಮುಗಿಸುವವರೆಗೆಂದು ಕೊಂಡು ಅನಂತರ ಮಾರಿ ಹೋಗುವವರು.

ನೀರಿನ ವಿಷಯವನ್ನು ಉಡುಪಿಯವರಿಗೆ ವಿವರಿಸಬೇಕಾಗಿಲ್ಲ. ನಗರವು ಕುಡಿಯುವುದು ಸ್ವರ್ಣಾ ನದಿಗೆ ಬಜೆಯಲ್ಲಿ ಕಟ್ಟಿದ ಅಣೆಕಟ್ಟಿನ ನೀರನ್ನು. 2019ರ ಬೇಸಗೆಯಲ್ಲಿ ಆ ನೀರು ತಳ ಕಂಡು, ನದಿಯ ಪಾತ್ರದ ಗುಂಡಿಗಳಲ್ಲಿ ಉಳಿದುದನ್ನು ಪಂಪು ಹಾಕಿ ಎತ್ತಬೇಕಾಯಿತು. ಬೀದಿಬೀದಿಗಳಲ್ಲಿ ಟ್ಯಾಂಕರುಗಳು ಓಡಿದುವು. ಮರುವರ್ಷ, 2020ರ ಸೆಪ್ಟೆಂಬರ 20ರಂದು, ಅದೇ ನಗರದಲ್ಲಿ ಮನೆಗಳೊಳಗೆ ಎದೆಮಟ್ಟದ ನೆರೆ ನುಗ್ಗಿ ದೋಣಿಗಳಲ್ಲಿ ಜನರನ್ನು ಸಾಗಿಸಬೇಕಾಯಿತು. ಒಂದೇ ಊರು ಹದಿನಾರು ತಿಂಗಳಲ್ಲಿ ನೀರಿಲ್ಲದೆಯೂ ನೀರಿನಿಂದಲೂ ಕಷ್ಟಪಟ್ಟುದಕ್ಕೆ ಗೋಪುರಗಳೇ ಕಾರಣವೆಂದು ಹೇಳುವುದು ಅನ್ಯಾಯವಾದೀತು. ಆದರೆ ಮುರಕಲ್ಲಿನ ಪದವು ಮಳೆನೀರನ್ನು ಹೀರಿಕೊಂಡು ಬುಡದ ಬಾವಿಗಳಿಗೆ ಹಂಚುವ ಹೆಬ್ಬಾಣಲೆಯಂತಹುದೆಂಬುದೂ, ಅದನ್ನು ಅಗೆದು ಸಿಮೆಂಟು ಹೊದಿಸಿದಷ್ಟೂ ನೀರು ಕೆಳಗಿನ ಬೈಲುಗಳಿಗೆ ಒಮ್ಮೆಲೇ ಧುಮುಕುವುದೆಂಬುದೂ ಭೂಗೋಳದ ಮೊದಲ ಪಾಠ. ಕಲ್ಸಂಕದ ಮೂಲಕ ಕಡಲಿಗೆ ಸಾಗುವ ಇಂದ್ರಾಣಿಯ ದಡದಲ್ಲಿ ಮೂಗು ಮುಚ್ಚಿಕೊಂಡು ನಡೆಯುವವರಿಗೆ ಕೊಳಚೆಯು ಎಲ್ಲಿಗೆ ಹೋಗುವುದೆಂಬ ಪ್ರಶ್ನೆಯ ಉತ್ತರವೂ ಗೊತ್ತಿದೆ.

ಇಷ್ಟನ್ನು ಓದಿದವರು, ಹಾಗಾದರೆ ನಾವೆಲ್ಲರೂ ಗುತ್ತಿನ ಮನೆಗಳಿಗೆ ಹಿಂದಿರುಗಬೇಕೋ ಎಂದು ಕೇಳಿದರೆ ಅದು ನ್ಯಾಯವಾದ ಆಕ್ಷೇಪವೇ. ಅಂತಹ ಉಪದೇಶವನ್ನು ನಾನು ಮಾಡಲಾರೆನು. ವಿಜಯನಾಥ ಶೆಣೈಯವರು ತಮ್ಮ ಆಯುಷ್ಯವನ್ನೇ ಸುರಿದು, ಮಿಯಾರು, ಹರ್ಕೂರು, ಕುಕನೂರುಗಳಲ್ಲಿ ಕೆಡವುವುದರಲ್ಲಿದ್ದ ಮನೆಗಳನ್ನು ತೊಲೆತೊಲೆಯಾಗಿ ಬಿಚ್ಚಿ ತಂದು ಮಣಿಪಾಲದ ಹಸ್ತಶಿಲ್ಪದಲ್ಲಿ ಮರಳಿ ಜೋಡಿಸಿದರು. 2017ರಲ್ಲಿ ಅವರು ತೀರಿಕೊಂಡ ಮೇಲೂ ಅದು ನಮ್ಮ ಜಿಲ್ಲೆಯ ಅತ್ಯಂತ ಸುಂದರವಾದ ಆವರಣಗಳಲ್ಲಿ ಒಂದು. ಅಲ್ಲಿಯ ಚಾವಡಿಯ ಕಂಬಗಳ ಕೆತ್ತನೆಯನ್ನು ನೋಡಿ ಕರಗುವವನು, ಆ ಚಾವಡಿಗೆ ಕಾಲಿಡಲು ಯಾರಿಗೆ ಅಪ್ಪಣೆಯಿರಲಿಲ್ಲವೆಂಬುದನ್ನೂ, ಆ ಕಂಬಗಳಿಗೆ ಬೆಲೆ ತೆತ್ತುದು ಯಾರ ಗೇಣಿಯ ಅಕ್ಕಿಯೆಂಬುದನ್ನೂ ನೆನೆಯಬೇಕು. 1974ರ ಭೂಸುಧಾರಣೆಯು ಆ ಗೇಣಿಯನ್ನು ನಿಲ್ಲಿಸಿದಾಗ ಎಷ್ಟೋ ದೊಡ್ಡ ಮನೆಗಳ ಮಾಡು ಸೋರತೊಡಗಿತು. ಮಾಡು ಸೋರಿದುದಕ್ಕೆ ಮರುಗಬಹುದು, ಗೇಣಿ ನಿಂತುದಕ್ಕೆ ಮರುಗಬಾರದು. ಮುದುಕರಿಬ್ಬರೇ ಉಳಿದ ಮನೆಗೆ ಆರು ಕೋಣೆಗಳೂ ಎರಡು ಅಂಗಳಗಳೂ ಹೊರೆಯೇ. ನಾಲ್ಕೈದು ಅಂತಸ್ತಿನ, ಗಟ್ಟಿಯಾದ, ನೆರೆಹೊರೆಯ ಮುಖಗಳು ಪರಿಚಯವಾಗುವಷ್ಟು ಮನೆಗಳುಳ್ಳ ಕಟ್ಟಡವು ಗದ್ದೆಗಳನ್ನೂ ಹಾಡಿಗಳನ್ನೂ ಉಳಿಸುವುದೆಂಬುದು ನಿಜ. ಮಣಿಪಾಲವೆಂಬ ಊರೇ ಡಾ. ಟಿ.ಎಂ.ಎ. ಪೈಯವರು 1953ರಲ್ಲಿ ಬೋಳುಗುಡ್ಡದ ಮೇಲೆ ಒಂದು ವೈದ್ಯಕೀಯ ಕಾಲೇಜನ್ನು ಕಟ್ಟಹೊರಟ ಸಾಹಸದ ಫಲ. ಅಲ್ಲಿ ಕಟ್ಟುವುದನ್ನೇ ದೂಷಿಸುವವನು ಕೃತಘ್ನನಾದಾನು. ಬಹುಮಾಳಿಗೆಯ ವಸತಿಯೊಡನೆ ನನಗೆ ಕಲಹವಿಲ್ಲ. ಎತ್ತರದ ಪ್ರತಿ ಮಾಳಿಗೆಗೂ ಹೆಚ್ಚು ದರವನ್ನು ಕಟ್ಟಿ, ಆ ದರವನ್ನು ಐಷಾರಾಮವೆಂದು ಕರೆಯುವ ಲೆಕ್ಕದೊಡನೆ ಇದೆ.

ಕಲ್ಕುಡನಿಗೆ ಹಿಂದಿರುಗದೆ ಈ ಮಾತು ಪೂರ್ತಿಯಾಗದು. ಆ ಗೋಪುರಗಳ ಸೆಂಟ್ರಿಂಗ್ ಹಲಗೆಗಳ ಮೇಲೆ ನಿಂತು ಕಾಂಕ್ರೀಟು ಸುರಿಯುವವರು ಬಾಗಲಕೋಟೆ, ವಿಜಯಪುರ, ಕೊಪ್ಪಳಗಳಿಂದ ಬಂದವರು. ಈಚೆಗೆ ಒಡಿಶಾ, ಝಾರ್ಖಂಡ, ಬಂಗಾಳಗಳಿಂದ ಬಂದವರು. ಬೀಡಿನಗುಡ್ಡೆಯ ಗುಡಿಸಲುಗಳಲ್ಲಿಯೋ ಕಟ್ಟಡದ ಬದಿಯಲ್ಲಿಯೇ ತಗಡು ಹೊದಿಸಿದ ಶೆಡ್ಡುಗಳಲ್ಲಿಯೋ ಇದ್ದು, ಒಂದು ಕಟ್ಟಡವು ಮುಗಿದೊಡನೆ ಇನ್ನೊಂದರ ಹೊಂಡಕ್ಕೆ ಸರಿಯುವರು. ಅವರ ಪಾಲಿಗೆ ಪ್ರತಿಸ್ಪರ್ಧಿಯೆಂಬುದೇ ಇಲ್ಲ. ಮೊದಲನೆಯದನ್ನೂ ಅದನ್ನು ಮರೆಮಾಡುವ ಎರಡನೆಯದನ್ನೂ ಅವರೇ ಕಟ್ಟುವರು, ಪಾಡ್ದನದ ಕಲ್ಕುಡನಂತೆಯೇ. ಕಟ್ಟಡದ ವೆಚ್ಚದಲ್ಲಿ ನೂರಕ್ಕೆ ಒಂದರಷ್ಟನ್ನು ಕಾರ್ಮಿಕರ ಕಲ್ಯಾಣಕ್ಕಾಗಿ ಸುಂಕವಾಗಿ ಕೂಡಿಸಬೇಕೆಂದು 1996ರ ಕಾಯಿದೆಯು ವಿಧಿಸಿತು. ಆ ನಿಧಿಯಿಂದ ಪಡೆಯಬೇಕಾದರೆ ಹೆಸರು ನೋಂದಾಯಿಸಿಕೊಂಡಿರಬೇಕು, ಹೆಸರು ನೋಂದಾಯಿಸಲು ಒಂದೆಡೆ ನಿಂತಿರಬೇಕು, ಮತ್ತು ನಿಲ್ಲುವುದೇ ಅವರಿಗೆ ಸಾಧ್ಯವಾಗದ ಕೆಲಸ. ಮಿತ್ರನ ಒಕ್ಕಲಿನ ದಿನ ಊಟವಾದ ಮೇಲೆ ಉಳಿದ ಪಾಯಸವನ್ನು ಕೆಳಗಿನ ಶೆಡ್ಡಿಗೆ ಕಳುಹಿಸಿದರು. ತಾಯಿಯವರೇ ಒತ್ತಾಯಿಸಿ ಕಳುಹಿಸಿದುದು. ಮನೆ ಕಟ್ಟಿದವರಿಗೆ ಮೊದಲು ಬಡಿಸಬೇಕೆಂಬುದು ಅವರ ಕಾಲದ ಕ್ರಮ. ಕೊನೆಗಾದರೂ ಬಡಿಸಿದೆವೆಂದು ಅವರು ಸಮಾಧಾನಪಟ್ಟರು.

ಮೊನ್ನೆ ಮಾರ್ಗಶಿರದಲ್ಲಿ ಮತ್ತೆ ಆ ಮನೆಗೆ ಹೋಗಿದ್ದೆನು. ತಾಯಿಯವರು ಈಗಿಲ್ಲ. ಲಿಫ್ಟಿನ ಪ್ಲೈವುಡ್ಡನ್ನು ಕಳಚಿದ್ದಾರೆ, ಒಳಗೆ ಕನ್ನಡಿಗಳಿವೆ. ನಾವಿಬ್ಬರೂ ಚಹಾದ ಲೋಟಗಳೊಡನೆ ಬಾಲ್ಕನಿಯಲ್ಲಿ ಕುಳಿತೆವು. ಅಂದಿನ ಹೊಂಡದಿಂದ ಎದ್ದ ಕಂಬಗಳು ನಮ್ಮ ಕಣ್ಣಿನ ಮಟ್ಟಕ್ಕೆ ಬಂದಿದ್ದುವು, ಮತ್ತು ಅವುಗಳ ತುದಿಯಿಂದ ಹೊರಚಾಚಿದ ಕಬ್ಬಿಣದ ಸರಳುಗಳ ಸಂದಿಯಲ್ಲಿ ಸಂಜೆಯ ಕಡಲು ಇನ್ನೂ ತುಂಡುತುಂಡಾಗಿ ಕಾಣುತ್ತಿದ್ದಿತು. ಸರಳುಗಳ ನಡುವೆ ಹಳದಿ ಟೊಪ್ಪಿಗೆಯ ಹುಡುಗನೊಬ್ಬನು ಕುಳಿತು, ಕಡಲಿಗೆ ಬೆನ್ನುಹಾಕಿ, ತಂತಿಯಿಂದ ಕಟ್ಟು ಬಿಗಿಯುತ್ತಿದ್ದನು. ಮಿತ್ರನು ಬಹಳ ಹೊತ್ತು ಅವನ ಕೈಯನ್ನೇ ನೋಡುತ್ತಿದ್ದು, ಬ್ಯಾಂಕಿನ ಲೆಕ್ಕದವನ ದನಿಯಲ್ಲಿ ಹೇಳಿದನು: “ಇನ್ನು ಮೂರು ಸ್ಲ್ಯಾಬ್ ಉಂಟು.”